ಜಾಗ್ವಾರಿನ ಸಂಸಾರ

ಹುಲಿಯ ವಿಷಯವನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಚಿರತೆಯ ವಿಷಯವನ್ನಂತೂ ಮಂಡ್ಯದ ಕಡೆಯ ಕಬ್ಬಿನ ಗದ್ದೆಯವರು, ತುಮಕೂರಿನ ಕಡೆಯ ಬೆಟ್ಟದ ತಪ್ಪಲಿನವರು ನನಗೇ ಹೇಳಬಲ್ಲರು. ಇಂದು ನಾನು ಮಾತನಾಡಹೊರಟಿರುವುದು ನಮ್ಮ ನಾಡಿನಲ್ಲಿ ಮಾತ್ರವಲ್ಲ, ಏಷ್ಯ ಖಂಡದ ಯಾವ ಕಾಡಿನಲ್ಲಿಯೂ ಇಲ್ಲದ ಒಂದು ಮೃಗವನ್ನು ಕುರಿತು. ಅದರ ಹೆಸರು ಜಾಗ್ವಾರ್. ಹೆಸರು ಕಿವಿಗೆ ಬಿದ್ದೊಡನೆ ಕೆಲವರಿಗೆ ಬೆಲೆಬಾಳುವ ವಿಲಾಯಿತಿ ಮೋಟಾರುಗಾಡಿ ನೆನಪಾದೀತು. ಇನ್ನು ಕೆಲವರಿಗೆ ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಕಟ್ಟಿದ ಯುದ್ಧವಿಮಾನ ನೆನಪಾದೀತು. ಇವೆರಡಕ್ಕೂ ಹೆಸರನ್ನು ಸಾಲವಾಗಿ ಕೊಟ್ಟ ಪ್ರಾಣಿ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಎಲ್ಲಿ ಉಳಿಯುತ್ತದೆ, ಎಲ್ಲಿ ಏಕೆ ಅಳಿಯುತ್ತದೆ ಎಂಬುದು ಮಾತ್ರ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಅದನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ನಾನು ಭಾಷೆಯ ಪಾಠ ಹೇಳುವವನು. ಆದುದರಿಂದ ಹೆಸರಿನಿಂದಲೇ ಮೊದಲುಮಾಡಿದರೆ ನೀವು ಬೇಸರಪಡಬಾರದು. ಈ ಮಾತು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ತುಪಿ ಮತ್ತು ಗ್ವಾರನಿ ಭಾಷೆಗಳ ಬಳಗಕ್ಕೆ ಸೇರಿದುದು. ಅಲ್ಲಿ ‘ಯಗ್ವಾರ’ ಎಂದರೆ ಬೇಟೆಯಾಡಿ ತಿನ್ನುವ ಮೃಗ. ಮುಂದೆ ಐರೋಪ್ಯರು ಹಡಗು ಹತ್ತಿ ಬಂದರು, ತಮ್ಮೊಡನೆ ನಾಯಿಗಳನ್ನು ತಂದರು. ಜನ ಆ ನಾಯಿಗೂ ಅದೇ ಹೆಸರನ್ನು ಹಚ್ಚಿದರು. ಬರಬರುತ್ತ ಗ್ವಾರನಿ ಭಾಷೆಯಲ್ಲಿ ‘ಯಗ್ವಾ’ ಎಂದರೆ ಬರಿಯ ನಾಯಿ ಎಂದೇ ಆಗಿಹೋಯಿತು. ಆಗ ಕಾಡಿನ ಒಡೆಯನಿಗೆ ಬೇರೆ ಹೆಸರು ಬೇಕಾಯಿತು. ‘ಎತೆ’ ಎಂದರೆ ನಿಜವಾದದ್ದು ಎಂದರ್ಥ. ಅದನ್ನು ಕೊನೆಗೆ ಸೇರಿಸಿ ‘ಯಗ್ವಾರೆತೆ’ ಎಂದರು. ನಿಜವಾದ ಯಗ್ವಾರ ಇದು, ಮನೆಬಾಗಿಲಲ್ಲಿ ಬೊಗಳುವುದಲ್ಲ ಎಂದು ಸ್ಪಷ್ಟಪಡಿಸಿದಂತಾಯಿತು. ನಮ್ಮಲ್ಲಿಯೂ ಇಂತಹುದು ಉಂಟಷ್ಟೆ? ‘ಮೃಗ’ ಎಂದರೆ ಮೊದಲಿಗೆ ಕಾಡಿನ ಯಾವ ಪ್ರಾಣಿಯಾದರೂ ಸರಿ. ಅದೇ ಮಾತು ಸಂಸ್ಕೃತದಲ್ಲಿ ಜಿಂಕೆಗೆ ನಿಂತಿತು, ನಮ್ಮ ತದ್ಭವ ‘ಮಿಗ’ವೂ ಜಿಂಕೆಯೇ ಆಯಿತು. ಇನ್ನು ಅಲ್ಲಿಗೆ ಬಂದ ಸ್ಪೇನಿನವರಾದರೋ ಈ ಪ್ರಾಣಿಯನ್ನು ‘ತೀಗ್ರೆ’, ಎಂದರೆ ಹುಲಿ, ಎಂದೇ ಕರೆದರು. ನಮ್ಮ ಹಳ್ಳಿಗಳಲ್ಲಿ ಚಿರತೆ ಬಂದರೂ ‘ಹುಲಿ ಬಂತು’ ಎಂದೇ ಕೂಗು ಹಾಕುವುದಿಲ್ಲವೆ, ಹಾಗೆ.

ನೋಡುವುದಕ್ಕೆ ಜಾಗ್ವಾರ್ ಚಿರತೆಯಂತೆಯೇ ಇದೆ. ಚಿತ್ರಪಟದಲ್ಲಿ ಕಂಡರೆ ಹತ್ತರಲ್ಲಿ ಒಂಬತ್ತು ಮಂದಿ ಚಿರತೆ ಎಂದೇ ಹೇಳುವರು. ಆದರೆ ಮೈಕಟ್ಟು ಬೇರೆ. ಹುಲಿ ಸಿಂಹಗಳ ತರುವಾಯ ಬೆಕ್ಕಿನ ಕುಲದಲ್ಲಿ ಇದೇ ದೊಡ್ಡದು. ತಲೆ ದಪ್ಪ, ಎದೆ ಅಗಲ, ಕಾಲು ಗಿಡ್ಡ, ಬಾಲವೂ ಮೋಟು. ಬ್ರೆಜಿಲಿನ ಪಂಟನಾಲ್ ಎಂಬ ಮಹಾ ಜೌಗುಪ್ರದೇಶದ ಗಂಡು 100 ಕಿಲೋಗ್ರಾಂ ಮೀರಿ ತೂಗುವುದು ಸಾಮಾನ್ಯ; ಮಧ್ಯ ಅಮೆರಿಕದ ದಟ್ಟ ಕಾಡಿನಲ್ಲಿರುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು ತೂಗಿದರೆ ದೊಡ್ಡದು. ಇನ್ನು ಮಚ್ಚೆಯ ಮಾತು. ಸಂಸ್ಕೃತದಲ್ಲಿ ಚಿರತೆಗೆ ‘ದ್ವೀಪಿ’ ಎಂದು ಒಂದು ಹೆಸರಿದೆ. ಮೈಮೇಲಿನ ಮಚ್ಚೆಗಳು ನೀರಿನ ನಡುವಣ ದ್ವೀಪಗಳಂತೆ ತೋರುವುದರಿಂದ ಆ ಹೆಸರು. ಜಾಗ್ವಾರಿನ ಮಚ್ಚೆ ಇನ್ನೂ ದೊಡ್ಡ ಉಂಗುರ. ಆ ಉಂಗುರದ ಒಳಗೆ ಮತ್ತೆ ಒಂದೆರಡು ಕರಿಯ ಚುಕ್ಕೆ. ಚಿರತೆ ದ್ವೀಪಿಯಾದರೆ ಇದು ದ್ವೀಪದೊಳಗೆ ಮನೆ ಕಟ್ಟಿಕೊಂಡ ದ್ವೀಪಿ ಎನ್ನಬೇಕು. ಮುಂದೆ ಎಂದಾದರೂ ಚಿತ್ರ ಕಂಡಾಗ ಉಂಗುರದ ಒಳಗೆ ಚುಕ್ಕೆ ಇದೆಯೇ ಎಂದು ನೋಡಿ. ಇದ್ದರೆ ಜಾಗ್ವಾರ್, ಇಲ್ಲದಿದ್ದರೆ ಚಿರತೆ. ಒಂದರ ಮಚ್ಚೆಗಳಂತೆ ಇನ್ನೊಂದರ ಮಚ್ಚೆಗಳಿರುವುದಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಈ ಸಂಗತಿ ಮುಂದೆ ಉಪಯೋಗಕ್ಕೆ ಬರುತ್ತದೆ, ನೆನಪಿಟ್ಟುಕೊಂಡಿರಿ.

ನೀರೆಂದರೆ ಇದಕ್ಕೆ ಬಲು ಪ್ರೀತಿ. ತುಂಬಿದ ಹೊಳೆಯನ್ನು ಈಜಿ ದಾಟುತ್ತದೆ. ದಡದಲ್ಲಿ ಬಿಸಿಲು ಕಾಯಿಸುತ್ತಿರುವ ಕೇಮನ್ ಎಂಬ ಮೊಸಳೆಯ ಮೇಲೆ ಹಿಂದಿನಿಂದ ಬಿದ್ದು, ಹೆಡಕಿಗೆ ಬಾಯಿ ಹಾಕಿ, ನೀರಿನಿಂದ ಎಳೆದುಕೊಂಡು ಹೋಗುತ್ತದೆ. ಹುಲಿ ಸಿಂಹಗಳು ದೊಡ್ಡ ಪ್ರಾಣಿಯ ಗಂಟಲನ್ನು ಹಿಡಿದು ಉಸಿರು ಕಟ್ಟಿಸಿ ಕೊಲ್ಲುವುದು ಹೆಚ್ಚು. ಜಾಗ್ವಾರ್ ಹಲವು ವೇಳೆ ತಲೆಬುರುಡೆಯನ್ನೇ ಕಿವಿಗಳ ನಡುವೆ ಕಚ್ಚಿ ಕೋರೆಹಲ್ಲನ್ನು ಮಿದುಳಿಗೆ ಇಳಿಸಿಬಿಡುತ್ತದೆ. ಆಮೆಯ ಚಿಪ್ಪು ಕೂಡ ಆ ದವಡೆಗೆ ಹಪ್ಪಳ. ಹಂದಿಯನ್ನು ಹೋಲುವ ಪೆಕರಿ, ಇಲಿ ಹೆಗ್ಗಣಗಳ ಜಾತಿಯದೇ ಆದರೂ ಕುರಿಯಷ್ಟು ಬೆಳೆಯುವ ಕ್ಯಾಪಿಬಾರ, ಜಿಂಕೆ, ಮೀನು—ಇದರ ಊಟದ ಪಟ್ಟಿಯಲ್ಲಿ 85ಕ್ಕೂ ಹೆಚ್ಚು ಬಗೆಯ ಪ್ರಾಣಿಗಳನ್ನು ಬಲ್ಲವರು ಲೆಕ್ಕಹಾಕಿದ್ದಾರೆ. ಆ ಪಟ್ಟಿಯಲ್ಲಿ ದುರದೃಷ್ಟವಶಾತ್ ದನವೂ ಇದೆ.

ಇಷ್ಟು ಬಲಶಾಲಿಯಾದ ಪ್ರಾಣಿಗೆ ಅಳಿವಿನ ಭಯವೇಕೆ? ಇದಕ್ಕೆ ಉತ್ತರ ಅದರ ಹಲ್ಲಿನಲ್ಲಿಲ್ಲ, ಉಗುರಿನಲ್ಲಿಲ್ಲ; ಅದರ ಬಾಣಂತನದಲ್ಲಿದೆ.

ಜಾಗ್ವಾರ್ ಒಂಟಿಯಾಗಿ ಬದುಕುವ ಮೃಗ. ಹೆಣ್ಣು ಬೆದೆಗೆ ಬಂದಾಗ ಮಾತ್ರ ಗಂಡು ಹೆಣ್ಣು ಕೆಲವು ದಿನ ಜೊತೆಗಿರುತ್ತವೆ. ಆಮೇಲೆ ಗಂಡು ತನ್ನ ದಾರಿ ಹಿಡಿಯುತ್ತದೆ. ಸಂಸಾರದ ಭಾರವೆಲ್ಲ ಹೆಣ್ಣಿನ ಮೇಲೆ. ಗರ್ಭ ನಿಂತು ಸುಮಾರು 100 ದಿನಕ್ಕೆ ಅದು ಈಯುತ್ತದೆ. ಬಂಡೆಗಳ ಸಂದು, ಉರುಳಿಬಿದ್ದ ಮರದ ಬುಡ, ಯಾರೂ ನುಗ್ಗಲಾರದ ಮುಳ್ಳುಪೊದರು—ಇದೇ ಅದರ ಬಾಣಂತಿಕೋಣೆ. ಮರಿಗಳು ಒಂದರಿಂದ ನಾಲ್ಕರವರೆಗೆ ಇರಬಹುದು; ಸಾಮಾನ್ಯವಾಗಿ ಎರಡು. ಮುಂದೆ ಮೊಸಳೆಯನ್ನು ಎಳೆಯತಕ್ಕ ಈ ವೀರ ಹುಟ್ಟಿದಾಗ ಒಂದು ಕಿಲೋಗ್ರಾಂ ಕೂಡ ತೂಗುವುದಿಲ್ಲ. ಕಣ್ಣು ಬಿಡುವುದಕ್ಕೆ ಸುಮಾರು ಎರಡು ವಾರ ಬೇಕು. ಅಷ್ಟು ದಿನ ಅದಕ್ಕೆ ಲೋಕವೆಂದರೆ ತಾಯಿಯ ಮೈಯ ಬಿಸಿ, ತಾಯಿಯ ವಾಸನೆ, ಇಷ್ಟೇ.

ಆದರೆ ತಾಯಿ ಮರಿಗಳ ಬಳಿಯಲ್ಲೇ ಕುಳಿತಿದ್ದರೆ ಹಾಲು ಎಲ್ಲಿಂದ ಬರಬೇಕು? ಅದು ಬೇಟೆಗೆ ಹೋಗಲೇಬೇಕು. ಬಿಟ್ಟುಹೋದ ಹೊತ್ತಿನಲ್ಲಿ ಮರಿಗಳಿಗೆ ಕಾವಲಿಲ್ಲ. ಜಾಗ ಯಾರಿಗಾದರೂ ತಿಳಿಯಿತೆಂದು ಅನುಮಾನ ಬಂದರೆ ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆಗೆ ಸಾಗಿಸುತ್ತದೆ. ನಮ್ಮ ಮನೆಯ ಬೆಕ್ಕು ಅಟ್ಟದಿಂದ ಕಣಜಕ್ಕೆ, ಕಣಜದಿಂದ ಸೌದೆ ಕೊಟ್ಟಿಗೆಗೆ ಮರಿ ಸಾಗಿಸುವುದನ್ನು ನೀವು ಕಂಡೇ ಇದ್ದೀರಿ. ಕಬ್ಬು ಕಡಿಯುವಾಗ ಗದ್ದೆಯಲ್ಲಿ ಚಿರತೆಯ ಮರಿ ಸಿಕ್ಕಿದರೆ, ತಿಳಿದವರು ಅದನ್ನು ಎತ್ತಿಕೊಂಡು ಹೋಗದೆ ಸಿಕ್ಕಿದ ಜಾಗದಲ್ಲಿಯೇ ಬಿಟ್ಟು ದೂರ ಸರಿಯುತ್ತಾರೆ. ರಾತ್ರಿ ತಾಯಿ ಬಂದು ಒಯ್ಯುತ್ತದೆ. ಬೆಕ್ಕಿನ ಕುಲಕ್ಕೆಲ್ಲ ಈ ಧರ್ಮ ಒಂದೇ.

ತಾಯಿಗೆ ಇರುವ ದೊಡ್ಡ ಭಯಗಳಲ್ಲಿ ಒಂದು ತನ್ನ ಕುಲದ ಗಂಡಿನದೇ. ಪರಗಂಡಿಗೆ ಹುಟ್ಟಿದ ಮರಿಗಳು ಕಣ್ಣಿಗೆ ಬಿದ್ದರೆ ಗಂಡು ಕೊಂದುಬಿಡುವುದುಂಟು. ಮರಿ ಹೋದರೆ ತಾಯಿ ಬೇಗ ಬೆದೆಗೆ ಬರುತ್ತದೆ ಎಂಬುದು ಅದರ ಹಿಂದಿರುವ ಕ್ರೂರವಾದ ಲೆಕ್ಕ. ಇದಕ್ಕೆ ತಾಯಿ ಮಾಡುವ ಪ್ರತಿತಂತ್ರವನ್ನು ಕೊಲಂಬಿಯದ ಹುಲ್ಲುಬಯಲುಗಳಲ್ಲಿಯೂ ಪಂಟನಾಲಿನಲ್ಲಿಯೂ ಪ್ರತ್ಯಕ್ಷವಾಗಿ ಕಂಡು ಬರೆದಿದ್ದಾರೆ. ಅಪರಿಚಿತ ಗಂಡು ಬಂದಿತೆಂದರೆ ಹೆಣ್ಣು ಮರಿಗಳನ್ನು ಪೊದೆಯಲ್ಲಿ ಅಡಗಿಸಿ, ತಾನೇ ಎದುರಿಗೆ ಹೋಗಿ, ಬೆದೆಗೆ ಬಂದದ್ದರ ಹಾಗೆ ನಟಿಸಿ, ಆ ಗಂಡನ್ನು ಒಲಿಸಿಕೊಂಡು ಬೇರೆ ದಿಕ್ಕಿಗೆ ಕರೆದುಕೊಂಡು ಹೋಗುತ್ತದೆ. ಒಂದೆರಡು ದಿನದ ಮೇಲೆ ಮೆಲ್ಲನೆ ಮರಿಗಳ ಬಳಿಗೆ ಹಿಂತಿರುಗುತ್ತದೆ. ಈ ಮರಿಗಳು ನನ್ನವೇ ಇರಬಹುದು ಎಂಬ ಭ್ರಮೆ ಗಂಡಿಗೆ ಹುಟ್ಟಿಸುವುದೂ ಇದರ ಉದ್ದೇಶವೆಂದು ಪಂಡಿತರ ಊಹೆ. ನಮ್ಮ ಕಥಾಸಾಹಿತ್ಯದಲ್ಲಿ ಬರುವ ಚತುರೆಯರು ಇದಕ್ಕಿಂತ ಹೆಚ್ಚೇನನ್ನೂ ಮಾಡಿಲ್ಲ.

ಮೂರು ತಿಂಗಳ ಹೊತ್ತಿಗೆ ಮರಿ ಮಾಂಸದ ರುಚಿ ಕಾಣುತ್ತದೆ; ಐದಾರು ತಿಂಗಳಲ್ಲಿ ಮೊಲೆ ಬಿಡುತ್ತದೆ. ಆಮೇಲೆ ಆರಂಭವಾಗುತ್ತದೆ ಅದರ ವಿದ್ಯಾಭ್ಯಾಸ. ಇದು ಒಂದೂವರೆ ಎರಡು ವರ್ಷದ ಪಾಠ. ತಾಯಿ ಗಾಳಿಗೆ ಎದುರಾಗಿ ನಡೆಯುತ್ತದೆ, ಮರಿಯೂ ನಡೆಯುತ್ತದೆ. ತಾಯಿ ನೀರಿಗಿಳಿಯುತ್ತದೆ, ಮರಿ ದಡದಲ್ಲಿ ನಿಂತು ಗೋಗರೆದು ಕಡೆಗೆ ತಾನೂ ಇಳಿಯುತ್ತದೆ. ಪೆಕರಿಯ ಹಿಂಡಿನ ನಡುವೆ ನುಗ್ಗಬಾರದು, ಹಿಂದೆ ಉಳಿದ ಒಂಟಿಯನ್ನು ಹಿಡಿಯಬೇಕು. ಮೊಸಳೆಯನ್ನು ಮುಂದಿನಿಂದ ಹಿಡಿಯಬಾರದು. ಇವೆಲ್ಲ ಹುಟ್ಟಿನಿಂದಲೇ ಪೂರ್ತಿಯಾಗಿ ಬರುವ ವಿದ್ಯೆಯಲ್ಲ; ಕಂಡು, ಸೋತು, ಮತ್ತೆ ಪ್ರಯತ್ನಿಸಿ ಕಲಿಯಬೇಕಾದದ್ದು. ತಾಯಿ ಇಲ್ಲದ ಮರಿಗೆ ಕೋರೆಹಲ್ಲು ಇದ್ದರೂ ಕಸುಬಿಲ್ಲ. ಇಂತಹ ತಬ್ಬಲಿ, ಬಾಲ್ಯ ಕಳೆಯುವ ಮೊದಲೇ ಹಸಿದು ಸಾಯುತ್ತದೆ; ಇಲ್ಲವೆ ಸುಲಭವಾಗಿ ಸಿಕ್ಕುವ ಕರುವಿಗೆ ಕೈಹಾಕಿ ಗುಂಡಿಗೆ ಸಿಕ್ಕುತ್ತದೆ.

ನಾನು ಲೆಕ್ಕದ ಮೇಷ್ಟರಲ್ಲ. ಆದರೂ ಒಂದು ಸಣ್ಣ ಲೆಕ್ಕವನ್ನು ನೀವೂ ನಾನೂ ಕೂಡಿ ಮಾಡೋಣ. ಹೆಣ್ಣು ಜಾಗ್ವಾರ್ ತಾಯಿಯಾಗುವುದು ಮೂರನೆಯ ವರ್ಷದ ಸುಮಾರಿಗೆ. ಕಾಡಿನಲ್ಲಿ ಅದರ ಆಯುಸ್ಸು ಸಾಮಾನ್ಯವಾಗಿ 11-12 ವರ್ಷ. ಒಂದು ಸೂಲಿನ ಮರಿಗಳು ಸ್ವತಂತ್ರವಾಗುವವರೆಗೆ ಇನ್ನೊಂದು ಸೂಲಿಲ್ಲ. ಎಂದರೆ ಎರಡು ವರ್ಷಕ್ಕೆ ಒಂದು ಬಾಣಂತನ. ಎಲ್ಲವೂ ಸುಸೂತ್ರವಾಗಿ ನಡೆದರೂ ಜೀವಮಾನದಲ್ಲಿ ನಾಲ್ಕು ಸೂಲು. ಸೂಲಿಗೆ ಎರಡರಂತೆ ಎಂಟು ಮರಿ. ಅದರಲ್ಲಿ ರೋಗಕ್ಕೆ, ಗಂಡಿಗೆ, ನೆರೆಗೆ, ಹಸಿವಿಗೆ ಹೋದವನ್ನು ಕಳೆಯಿರಿ. ಉಳಿದವುಗಳಲ್ಲಿ ಸರಿಸುಮಾರು ಅರ್ಧ ಗಂಡು, ಅವು ಈಯುವುದಿಲ್ಲ. ಹಾಗಾದರೆ ತಾಯಿಯ ಜಾಗದಲ್ಲಿ ನಿಲ್ಲಬಲ್ಲ ಮಗಳು ಎಷ್ಟು ಉಳಿದಳು? ಒಬ್ಬಳೋ ಇಬ್ಬರೋ. ಬಂದೂಕಿನ ಒಂದು ಗುಂಡು ಹೆಣ್ಣಿಗೆ ತಗುಲಿದರೆ ಅದರ ಹೊಟ್ಟೆಯಲ್ಲಿದ್ದುದೂ, ಪೊದೆಯಲ್ಲಿದ್ದುದೂ, ಮುಂದೆ ಹುಟ್ಟಬೇಕಾಗಿದ್ದುದೂ ಒಟ್ಟಿಗೆ ಹೋಯಿತೆಂದು ತಿಳಿಯಬೇಕು.

ಮಕ್ಕಳು ದೊಡ್ಡವರಾದ ಮೇಲೆ ಏನಾಗುತ್ತದೆಂಬುದು ಇನ್ನೂ ಮುಖ್ಯ. ಎರಡು ವರ್ಷ ತುಂಬುವ ಹೊತ್ತಿಗೆ ತಾಯಿ ಮರಿಗಳನ್ನು ದೂರ ಮಾಡುತ್ತದೆ. ಮಗಳು ಸಾಮಾನ್ಯವಾಗಿ ಬಹುದೂರ ಹೋಗುವುದಿಲ್ಲ. ತಾಯಿಯ ಎಲ್ಲೆಗೆ ಒತ್ತಿಕೊಂಡೇ ತನ್ನದೊಂದು ಎಲ್ಲೆ ಮಾಡಿಕೊಳ್ಳುತ್ತದೆ. ಮಗನಾದರೋ ಹೊರಟುಬಿಡುತ್ತದೆ. ನಮ್ಮಲ್ಲಿ ಮಗಳನ್ನು ಹೊರಗೆ ಕೊಡುವುದು, ಮಗನನ್ನು ಮನೆಯಲ್ಲಿಟ್ಟುಕೊಳ್ಳುವುದು ವಾಡಿಕೆಯಾದರೆ ಜಾಗ್ವಾರಿನಲ್ಲಿ ಅದು ತಿರುಗುಮುರುಗು. ಗಂಡು ಬೆಟ್ಟ ದಾಟಿ, ಹೊಳೆ ಈಜಿ, ಹುಲ್ಲುಗಾವಲು, ತೋಟ, ಹೆದ್ದಾರಿಗಳನ್ನು ರಾತ್ರಿಯ ವೇಳೆ ಹಾಯ್ದು ನೂರಾರು ಕಿಲೋಮೀಟರ್ ನಡೆಯಬಲ್ಲದು. ಮೆಕ್ಸಿಕೋದಿಂದ ಅರ್ಜೆಂಟೀನದವರೆಗಿನ ಜಾಗ್ವಾರುಗಳ ರಕ್ತವನ್ನು ಪರೀಕ್ಷಿಸಿದ ವಿಜ್ಞಾನಿಗಳು ಅವುಗಳಲ್ಲಿ ಬೇರೆಬೇರೆ ಉಪಜಾತಿಗಳೆಂದು ಗೆರೆಯೆಳೆಯುವಷ್ಟು ಭೇದವಿಲ್ಲವೆಂದು ಕಂಡರು. ಸಾವಿರಾರು ವರ್ಷದಿಂದ ಒಂದು ಕಾಡಿನ ಗಂಡು ಇನ್ನೊಂದು ಕಾಡಿನ ಹೆಣ್ಣನ್ನು ಸೇರುತ್ತ ಬಂದುದರ ಫಲ ಇದು. ಈ ದಾರಿಗಳನ್ನು ಕಡಿಯದೆ ಉಳಿಸಬೇಕೆಂದು ಜೀವಮಾನವೆಲ್ಲ ಓಡಾಡಿದವನು ಆಲನ್ ರಾಬಿನೋವಿಟ್ಸ್ ಎಂಬ ಅಮೆರಿಕದ ವಿದ್ವಾಂಸ. ಬಾಲ್ಯದಲ್ಲಿ ಆತನಿಗೆ ವಿಪರೀತ ಉಗ್ಗು; ಮನುಷ್ಯರ ಮುಂದೆ ಮಾತು ಹೊರಡದು, ಪ್ರಾಣಿಗಳ ಮುಂದೆ ಮಾತ್ರ ತಡೆಯಿಲ್ಲದೆ ಹೊರಡುತ್ತಿತ್ತಂತೆ. ಬೆಲೀಜ್ ಎಂಬ ಪುಟ್ಟ ದೇಶದ ಕಾಕ್ಸ್‌ಕೂಂಬ್ ಕಣಿವೆಯಲ್ಲಿ 1980ರ ದಶಕದಲ್ಲಿ ಜಾಗ್ವಾರಿಗೆಂದೇ ಒಂದು ರಕ್ಷಿತಾರಣ್ಯ ಏರ್ಪಡುವಂತೆ ಮಾಡಿದ. 2018ರಲ್ಲಿ ತೀರಿಕೊಂಡ.

ಗಂಡು ನಡೆಯುತ್ತದೆ, ಹೆಣ್ಣು ನಿಲ್ಲುತ್ತದೆ ಎಂಬ ಈ ಒಂದು ಸ್ವಭಾವವನ್ನು ಮರೆಯದಿದ್ದರೆ ಜಾಗ್ವಾರಿನ ಅಳಿವು ಉಳಿವಿನ ಕಥೆಯೆಲ್ಲ ಅರ್ಥವಾಗುತ್ತದೆ.

ಒಂದು ಕಾಲಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಿಂದ ಅರ್ಜೆಂಟೀನದ ನಡುಭಾಗದವರೆಗೆ ಈ ಮೃಗ ಹರಡಿತ್ತು. ಇಂದು ಆ ನೆಲದ ಸುಮಾರು ಅರ್ಧ ಅದರ ಕೈಬಿಟ್ಟುಹೋಗಿದೆ. ಉರುಗ್ವೆ ಮತ್ತು ಎಲ್ ಸಾಲ್ವಡಾರ್ ದೇಶಗಳಲ್ಲಿ ಪೂರ್ತಿ ಇಲ್ಲವಾಗಿದೆ. ಕಾಡು ಕಡಿದು ದನದ ಹುಲ್ಲುಗಾವಲು ಮಾಡಿದ್ದು ಒಂದು ಕಾರಣ. ದನ ಕಳೆದುಕೊಂಡವರ ಸಿಟ್ಟು ಇನ್ನೊಂದು. ಆ ಸಿಟ್ಟನ್ನು ಪಟ್ಟಣದಲ್ಲಿ ಕುಳಿತು ಹೀಗಳೆಯುವುದು ಸುಲಭ, ಹಾಲು ಕರೆಯುವ ಹಸುವನ್ನು ಕಳೆದುಕೊಂಡವನ ಎದುರಿಗೆ ಹೀಗಳೆಯುವುದು ಸುಲಭವಲ್ಲ. ಮೂರನೆಯದಕ್ಕೆ ಮಾತ್ರ ಯಾವ ಸಮಾಧಾನವನ್ನೂ ನಾನು ಹೇಳಲಾರೆ. ಅದು ತೊಗಲಿನ ವ್ಯಾಪಾರ. ಐರೋಪ್ಯ ಮತ್ತು ಉತ್ತರ ಅಮೆರಿಕದ ಹೆಂಗಸರ ನಿಲುವಂಗಿಗಾಗಿ 1960ರ ದಶಕದಲ್ಲಿ ಬ್ರೆಜಿಲಿನ ಅಮೆಜಾನ್ ಕಾಡೊಂದರಿಂದಲೇ ವರ್ಷಕ್ಕೆ ಸುಮಾರು 15,000 ಜಾಗ್ವಾರುಗಳು ಹೋದವೆಂದು ಅಂದಾಜು. ನಾವು ಈಗ ಮಾಡಿದ ಬಾಣಂತನದ ಲೆಕ್ಕವನ್ನು ಈ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿ. 1967ರಲ್ಲಿ ಬ್ರೆಜಿಲ್ ಬೇಟೆಯನ್ನು ನಿಷೇಧಿಸಿತು. 1975ರಲ್ಲಿ ರಾಷ್ಟ್ರಗಳ ನಡುವಣ ವ್ಯಾಪಾರಕ್ಕೂ ಒಪ್ಪಂದದ ಮೂಲಕ ತಡೆ ಬಿದ್ದಿತು. ಆಗ ತೊಗಲಿನ ಸಂತೆ ಮುಚ್ಚಿತು. ಈಚಿನ ವರ್ಷಗಳಲ್ಲಿ ಬೆಂಕಿ ಬಂದಿದೆ. 2020ರಲ್ಲಿ ಪಂಟನಾಲಿನ ಕಾಲುಭಾಗಕ್ಕೂ ಹೆಚ್ಚು ಉರಿದುಹೋಯಿತು. ಅಂಗಾಲು ಸುಟ್ಟುಕೊಂಡ ಜಾಗ್ವಾರುಗಳಿಗೆ ಪಶುವೈದ್ಯರು ಪಟ್ಟಿ ಕಟ್ಟಿದರು.

ಇನ್ನು ಅರಿಜೋನದ ಕಥೆ. ಇದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು. ಮೆಕ್ಸಿಕೋದ ಗಡಿಗೆ ತಾಗಿಕೊಂಡಿದೆ. ಅಲ್ಲಿಯ ಬೆಟ್ಟದಲ್ಲಿ 1963ರಲ್ಲಿ ಬೇಟೆಗಾರನೊಬ್ಬ ಒಂದು ಹೆಣ್ಣು ಜಾಗ್ವಾರನ್ನು ಹೊಡೆದ. ಅಂದಿನಿಂದ ಇಂದಿನವರೆಗೆ ಆ ದೇಶದಲ್ಲಿ ಇನ್ನೊಂದು ಹೆಣ್ಣು ಕಂಡ ದಾಖಲೆಯಿಲ್ಲ. ಬೇಟೆಗೆ ತಡೆ ಬಂದುದು ಆರು ವರ್ಷದ ತರುವಾಯ, 1969ರಲ್ಲಿ. ಆಗ ಕಾಯುವುದಕ್ಕೆ ಕಾನೂನಿತ್ತು, ಕಾಯಿಸಿಕೊಳ್ಳುವುದಕ್ಕೆ ತಾಯಿ ಇರಲಿಲ್ಲ. ಗಂಡುಗಳೇನೋ ಬಂದವು. 1996ರಲ್ಲಿ ವಾರ್ನರ್ ಗ್ಲೆನ್ ಎಂಬ ದನಗಾರ ಬೇಟೆನಾಯಿಗಳೊಡನೆ ಬೆಟ್ಟಕ್ಕೆ ಹೋಗಿದ್ದಾಗ ಎದುರಿಗೆ ಜಾಗ್ವಾರ್ ಕಂಡಿತು. ಆತ ಬಂದೂಕನ್ನು ಬಿಟ್ಟು ಕ್ಯಾಮರಾ ಎತ್ತಿದ. ದನ ಸಾಕಿ ಬದುಕುವವನು, ಬೇಟೆಯಲ್ಲಿ ಪಳಗಿದ ಕೈಯವನು ಹಾಗೆ ಮಾಡಿದನೆಂಬುದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಮುಂದೆ 2011ರಿಂದ 2015ರವರೆಗೆ ಟೂಸಾನ್ ಪಟ್ಟಣದ ಹತ್ತಿರದ ಬೆಟ್ಟಗಳಲ್ಲಿ ಒಂದು ಗಂಡು ನೆಲೆಸಿತ್ತು. ಮರಕ್ಕೆ ಕಟ್ಟಿದ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಂಡಿತು. ಆ ಊರಿನ ಶಾಲೆಯ ಮಕ್ಕಳು ಅದಕ್ಕೆ ‘ಎಲ್ ಹೆಫೆ’ ಎಂದು ಹೆಸರಿಟ್ಟರು. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ಯಜಮಾನ ಎಂದರ್ಥ. ಯಜಮಾನನೇನೋ ಸರಿ, ಗೃಹಿಣಿಯಿಲ್ಲದ ಮನೆಗೆ ಯಜಮಾನ! ಒಂದು ದಿನ ಆತ ಕಾಣೆಯಾದ. ಸತ್ತಿರಬಹುದೆಂದು ಹಲವರು ಬಗೆದರು. 2021ರಲ್ಲಿ ಮೆಕ್ಸಿಕೋದ ಸೊನೋರ ಪ್ರಾಂತದಲ್ಲಿ ಒಂದು ಕ್ಯಾಮರಾಕ್ಕೆ ಸಿಕ್ಕಿದ ಗಂಡಿನ ಮಚ್ಚೆಗಳನ್ನು ಹಳೆಯ ಚಿತ್ರಗಳೊಡನೆ ಹೋಲಿಸಿದಾಗ ಆತನೇ ಈತ ಎಂದು ತಿಳಿಯಿತು. ಹೆಬ್ಬೆಟ್ಟಿನ ಗುರುತಿನ ಮಾತನ್ನು ನೆನಪಿಟ್ಟುಕೊಂಡಿರಿ ಎಂದುದು ಇದಕ್ಕೇ. ಮರಿ ಹಾಕುವ ಹೆಣ್ಣುಗಳಿರುವುದು ಗಡಿಯಿಂದ ಸುಮಾರು 200 ಕಿಲೋಮೀಟರ್ ದಕ್ಷಿಣಕ್ಕೆ, ಆ ಸೊನೋರದಲ್ಲಿಯೇ. ಗಂಡು ಉತ್ತರಕ್ಕೆ ಬರುತ್ತದೆ, ವರ್ಷಗಟ್ಟಲೆ ಅಲೆಯುತ್ತದೆ, ಹಿಂದಿರುಗುತ್ತದೆ ಇಲ್ಲವೆ ಸಾಯುತ್ತದೆ. ಎಲ್ಲೆಗೆ ಒತ್ತಿ ಎಲ್ಲೆ ಮಾಡಿಕೊಳ್ಳುತ್ತ ಬರುವ ಮಗಳು ಅಷ್ಟು ದೂರಕ್ಕೆ ಬರುವುದು ಎಂದಿಗೆ? ನಡುವೆ ಈಗ ಗಡಿಯ ಹಲವು ಕಡೆ ಉಕ್ಕಿನ ಗೋಡೆ ಬೇರೆ ಎದ್ದಿದೆ.

ಹೆಣ್ಣು ತಾನಾಗಿ ಬಾರದಿದ್ದರೆ ಮನುಷ್ಯರೇ ಕರೆತಂದರೆ ಹೇಗೆ? ಈ ಪ್ರಶ್ನೆಯನ್ನು ಕೇಳಿದವರು ಭೂಖಂಡದ ಇನ್ನೊಂದು ತುದಿಯಲ್ಲಿರುವ ಅರ್ಜೆಂಟೀನದವರು. ಅಲ್ಲಿಯ ಕೊರಿಯೆಂತೆಸ್ ಪ್ರಾಂತದಲ್ಲಿ ಇಬೆರಾ ಎಂಬ ವಿಸ್ತಾರವಾದ ಜೌಗುಪ್ರದೇಶವಿದೆ. ಹೊಳೆಯುವ ನೀರು ಎಂದು ಗ್ವಾರನಿಯಲ್ಲಿ ಅದರ ಅರ್ಥ. ನೀರಿಗೆ ಕೊರತೆಯಿಲ್ಲ, ಕ್ಯಾಪಿಬಾರಗಳಿಗೆ ಎಣೆಯಿಲ್ಲ. ಆದರೆ ಸುಮಾರು 70 ವರ್ಷ ಅಲ್ಲಿ ಒಂದು ಯಗ್ವಾರೆತೆಯೂ ಇರಲಿಲ್ಲ. ಹೆಸರು ಜನರ ನಾಲಗೆಯ ಮೇಲಿತ್ತು, ಪ್ರಾಣಿ ಇರಲಿಲ್ಲ. ದನ ಮೇಯಿಸುತ್ತಿದ್ದ ಭಾರೀ ಜಮೀನುಗಳನ್ನು ಟಾಂಪ್ಕಿನ್ಸ್ ದಂಪತಿಗಳು ಕೊಂಡು ಸರಕಾರಕ್ಕೆ ಕೊಟ್ಟುದರಿಂದ 2018ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಏರ್ಪಟ್ಟಿತು. ಅದಕ್ಕೆ ಮೊದಲೇ ಜೌಗಿನ ನಡುವಣ ಸಾನ್ ಅಲೋನ್ಸೊ ಎಂಬ ದ್ವೀಪದಲ್ಲಿ ಬೇಲಿ ಕಟ್ಟಿ ಜಾಗ್ವಾರುಗಳನ್ನು ಸಂಸಾರಕ್ಕೆ ಹಚ್ಚುವ ಕೆಲಸ ಮೊದಲಾಗಿತ್ತು. ಮೊದಲ ಹೆಣ್ಣು ಬಂದುದು 2015ರಲ್ಲಿ. ಮೊದಲ ಮರಿಗಳು ಹುಟ್ಟಿದುದು 2018ರಲ್ಲಿ. ಎರಡು ಮರಿ, ತಾಯಿಯ ಹೆಸರು ತಾನಿಯ. ಈ ತಾನಿಯಳನ್ನು ನೀವು ಸ್ವಲ್ಪ ಗಮನಿಸಬೇಕು. ಕಾಡನ್ನೇ ಕಾಣದೆ ಮೃಗಾಲಯದಲ್ಲಿ ಹುಟ್ಟಿದ ಹೆಣ್ಣು. ಮೇಲಾಗಿ ಒಂದು ಕಾಲಿಲ್ಲ. ಅಂಥ ಮೂರು ಕಾಲಿನ ತಾಯಿ ಮರಿಗಳನ್ನು ಸಾಕಿ, ಬೇಲಿಯೊಳಕ್ಕೆ ಬಿಟ್ಟ ಪ್ರಾಣಿಗಳನ್ನು ಹಿಡಿದು ಅವಕ್ಕೆ ಬೇಟೆಯನ್ನೂ ಕಲಿಸಿತು.

ಆ ಬೇಲಿಗಳ ಏರ್ಪಾಡು ಕುತೂಹಲದ್ದು. ಕೆಲವು 30 ಹೆಕ್ಟೇರಿನಷ್ಟು ವಿಶಾಲ. ಅಲ್ಲಿ ಹುಟ್ಟಿದ ಮರಿ ಮನುಷ್ಯನ ಮುಖವನ್ನು ನೋಡಬಾರದು, ಊಟಕ್ಕೂ ಮನುಷ್ಯನಿಗೂ ಸಂಬಂಧವುಂಟೆಂದು ತಿಳಿಯಬಾರದು. ತಾಯಿಯಿಂದಲೇ ಎಲ್ಲವನ್ನೂ ಕಲಿಯಬೇಕು. ಮೇಷ್ಟರು ಕಣ್ಣಿಗೆ ಬೀಳದಂತೆ ನಡೆಸುವ ಶಾಲೆ! ನನಗೆ ಈ ಪದ್ಧತಿಯ ಮೇಲೆ ಸ್ವಲ್ಪ ಅಸೂಯೆಯಿದೆ. 2021ರ ಜನವರಿಯಲ್ಲಿ ಮರಿಯುವ ಎಂಬ ಹೆಣ್ಣು ತನ್ನೆರಡು ಮರಿಗಳೊಡನೆ ಬೇಲಿಯಿಂದ ಹೊರಗೆ ಕಾಲಿಟ್ಟಿತು. ಮೊದಲು ಬಿಟ್ಟುದು ಗಂಡನ್ನಲ್ಲ, ಮರಿಗಳ ತಾಯಿಯನ್ನು. ಗಂಡಾದರೆ ನಡೆದುಬಿಟ್ಟೀತು, ಮರಿಗಳಿರುವ ತಾಯಿ ನೆಲ ಬಿಟ್ಟು ದೂರ ಹೋಗದು. ದೊಡ್ಡ ಗಂಡನ್ನು ಬಿಟ್ಟುದು ಆ ವರ್ಷದ ಕೊನೆಗೆ. 2022ರಿಂದ ಆ ಜೌಗಿನಲ್ಲಿ ಬೇಲಿಯ ಹೊರಗೇ ಮರಿಗಳು ಹುಟ್ಟತೊಡಗಿದವು.

ಇದೇ ದೇಶದ ಚಾಕೊ ಪ್ರಾಂತದಲ್ಲಿ ‘ಎಲ್ ಇಂಪೆನೆತ್ರಾಬ್ಲೆ’, ಎಂದರೆ ದುರ್ಗಮ, ಎಂಬ ಹೆಸರಿನ ಒಣ ಮುಳ್ಳುಗಾಡು ಇದೆ. ಅಲ್ಲಿ ಜಾಗ್ವಾರ್ ಮುಗಿದೇಹೋಯಿತೆಂದು ತಿಳಿದಿದ್ದಾಗ 2019ರಲ್ಲಿ ಬೆರ್ಮೆಹೊ ನದಿಯ ಕೆಸರಿನಲ್ಲಿ ಒಂದು ಹೆಜ್ಜೆಯ ಗುರುತು ಸಿಕ್ಕಿತು. ಗಂಡಿನ ಹೆಜ್ಜೆ. ಅದನ್ನು ಹಿಡಿದು ಕೊರಳಪಟ್ಟಿ ಕಟ್ಟಿ ಬಿಟ್ಟರು. ಅಲ್ಲಿಯ ಕೋಮ್ ಜನರ ಭಾಷೆಯಲ್ಲಿ ಅದಕ್ಕೆ ‘ಕರಾಮ್ತ’ ಎಂದು ಹೆಸರು ಬಂದಿತು. ನಾಶಮಾಡಲಾಗದವನು ಎಂದು ಅರ್ಥ ಹೇಳುತ್ತಾರೆ. ಆದರೆ ಹೆಣ್ಣಿಲ್ಲದೆ ಎಷ್ಟು ದಿನ? ಅರಿಜೋನದ ಕಥೆಯೇ ಇಲ್ಲಿಯೂ ಮುಗಿಯಬೇಕಾಗಿತ್ತು. ಆಗ ಇಬೆರಾದಿಂದ ಮೂರು ಕಾಲಿನ ತಾನಿಯಳನ್ನು ಕರೆತಂದು ಆ ಕಾಡಿನೊಳಗೇ ಬೇಲಿ ಕಟ್ಟಿ ಇರಿಸಿದರು. ಕರಾಮ್ತ ವಾಸನೆ ಹಿಡಿದು ಬಂದು ಬೇಲಿಯ ಸುತ್ತ ತಿರುಗಿತು. ಕೆಲಕಾಲದ ಮೇಲೆ ಬಾಗಿಲು ತೆರೆದು ಒಳಗೆ ಬಿಟ್ಟರು. 2021ರ ಆರಂಭದಲ್ಲಿ ಎರಡು ಮರಿ ಹುಟ್ಟಿದವು.

ಮುಂದಿನ ದಿನಗಳೆಲ್ಲ ಸುಖದ ದಿನಗಳಲ್ಲ. ಅದೇ ಕಾಡಿನಲ್ಲಿ ಬಿಟ್ಟ ಹೆಣ್ಣುಗಳಲ್ಲಿ ಒಂದನ್ನು 2024ರಲ್ಲಿ ಸ್ವಲ್ಪ ಕಾಲದಲ್ಲೇ ಬೇಟೆಗಾರರು ಕೊಂದರು. ಅಷ್ಟು ವರ್ಷದ ಸಿದ್ಧತೆಗೆ ಒಂದು ಗುಂಡು ಸಾಕಾಯಿತು. ಆದರೂ ಬಿಡುವುದನ್ನು ನಿಲ್ಲಿಸಲಿಲ್ಲ. ಆ ಪ್ರದೇಶದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಾಡಿನಲ್ಲಿ ಹುಟ್ಟಿದ ಮರಿಯನ್ನು ಯಾರೂ ಕಂಡಿರಲಿಲ್ಲ. 2025ರಲ್ಲಿ, ಹೀಗೆ ತಂದು ಬಿಟ್ಟ ಹೆಣ್ಣುಗಳಲ್ಲಿ ಒಂದು, ಬೆರ್ಮೆಹೊ ನದಿಯ ಕಡೆ ಕಾಣಿಸಿಕೊಂಡಿತು. ಅದರ ಹಿಂದೆ ಕೆಲವು ತಿಂಗಳ ಒಂದು ಮರಿ ನಡೆದು ಬರುತ್ತಿತ್ತು.